ನಕ್ಷೆಯ ಕಾಡಿಗೆ ನೆಲದ ಸಾಕ್ಷಿ ಬೇಕು

ಮಂಗಳೂರಿನಿಂದ ಉಡುಪಿಯತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವವರು ಮೂಲ್ಕಿಯನ್ನು ದಾಟಿ ಶಾಂಭವಿ ನದಿಯ ಸೇತುವೆಯನ್ನು ಹಾಯ್ದೊಡನೆ ಹೆಜಮಾಡಿಯನ್ನು ತಲಪುತ್ತಾರೆ. ಅಲ್ಲಿಗೆ ದಕ್ಷಿಣ ಕನ್ನಡ ಮುಗಿದು ಉಡುಪಿ ಜಿಲ್ಲೆ ಆರಂಭವಾಗುತ್ತದೆ. ಪಡುವಣದಲ್ಲಿ ಕಡಲು, ತೆಂಕಣದಲ್ಲಿ ನದಿ, ನಡುವೆ ತೆಂಗಿನ ತೋಟಗಳು, ಗದ್ದೆಗಳು, ಮನೆಗಳು. ಕಡಲ ದಂಡೆಯಲ್ಲಿ ಗಾಳಿಮರಗಳ ಸಾಲು, ಉಪ್ಪುನೀರು ಏರಿಳಿಯುವ ನದಿಯಂಚಿನಲ್ಲಿ ಕಾಂಡ್ಲಾ ಗಿಡಗಳ ಕಿರುಪಟ್ಟಿ, ಊರೊಳಗೆ ಅಲ್ಲಲ್ಲಿ ಕುಟುಂಬಗಳ ನಾಗಬನ. ಕರಾವಳಿಯ ಯಾವ ಗ್ರಾಮಕ್ಕಾದರೂ ಹೆಚ್ಚುಕಡಿಮೆ ಹೊಂದುವ ಚಿತ್ರ ಇದು.

ಇಂತಹ ಊರಿನಲ್ಲಿ ಕಾಡು ಎಷ್ಟಿದೆ? ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಕಂದಾಯ ದಾಖಲೆ ಒಂದು ಉತ್ತರ ಕೊಡುತ್ತದೆ, ಅರಣ್ಯ ಇಲಾಖೆಯ ಕಡತ ಇನ್ನೊಂದನ್ನು. ಉಪಗ್ರಹ ಚಿತ್ರದಿಂದ ತಯಾರಾದ ನಕ್ಷೆಯದು ಮೂರನೆಯದು. ಮೂರೂ ಹೊಂದುವುದಿಲ್ಲವೆಂಬುದು ಹೊಸ ಸಂಗತಿಯೇನೂ ಅಲ್ಲ. ಆದರೆ ಈಚಿನ ವರ್ಷಗಳಲ್ಲಿ ಮೂರನೆಯ ಉತ್ತರಕ್ಕೆ ಮೊದಲೆರಡಕ್ಕಿಂತ ಹೆಚ್ಚಿನ ತೂಕ ಬಂದಿದೆ. ದೇಶದ ಹಸಿರು ಹೆಚ್ಚಿತೋ ಕುಗ್ಗಿತೋ ಎಂಬ ಘೋಷಣೆ, ಪಶ್ಚಿಮ ಘಟ್ಟದಲ್ಲಿ ಯಾವ ಗ್ರಾಮ ಪರಿಸರ ಸೂಕ್ಷ್ಮ ವಲಯಕ್ಕೆ ಸೇರಬೇಕೆಂಬ ತೀರ್ಮಾನ, ಹವಾಮಾನ ಒಪ್ಪಂದಗಳಲ್ಲಿ ಭಾರತ ನೀಡುವ ಲೆಕ್ಕ ಇವೆಲ್ಲ ಆಕಾಶದಿಂದ ತೆಗೆದ ಚಿತ್ರವನ್ನು ಆಧರಿಸಿವೆ. ಹೀಗಿರುವಾಗ ಆ ಚಿತ್ರವನ್ನು ನೆಲದ ಮೇಲೆ ನಿಂತು ಪರೀಕ್ಷಿಸುವ ಕೆಲಸ ಎಷ್ಟರಮಟ್ಟಿಗೆ, ಯಾವ ದಿಕ್ಕಿನಲ್ಲಿ ನಡೆಯುತ್ತಿದೆ ಎಂದು ಕೇಳುವುದು ನಾಗರಿಕರ ಹಕ್ಕೂ ಹೌದು, ಹೊಣೆಯೂ ಹೌದು.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1981ರಲ್ಲಿ ಸ್ಥಾಪನೆಯಾಯಿತು. 1987ರಿಂದ ಎರಡು ವರ್ಷಗಳಿಗೊಮ್ಮೆ ಅದು ದೇಶದ ಅರಣ್ಯ ಸ್ಥಿತಿಗತಿ ವರದಿಯನ್ನು ಹೊರತರುತ್ತಿದೆ. ಮೊದಲ ವರದಿಗೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬಳಸಿ, ಅವುಗಳನ್ನು ಕಣ್ಣಿನಿಂದ ನೋಡಿ ಕಾಡಿನ ಗಡಿ ಗುರುತಿಸಲಾಗಿತ್ತು. 2001ರ ವರದಿಯಿಂದೀಚೆಗೆ ನಮ್ಮದೇ ಉಪಗ್ರಹಗಳ ಚಿತ್ರವನ್ನು ಗಣಕಯಂತ್ರದ ನೆರವಿನಿಂದ ವಿಶ್ಲೇಷಿಸಿ 1:50,000 ಪ್ರಮಾಣದ ನಕ್ಷೆ ತಯಾರಿಸಲಾಗುತ್ತಿದೆ. ಇದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಇಷ್ಟು ವಿಸ್ತಾರವಾದ ದೇಶವನ್ನು ಇಷ್ಟು ನಿಯಮಿತವಾಗಿ ಅಳೆಯುವ ವ್ಯವಸ್ಥೆ ಅನೇಕ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಇಲ್ಲ.

ಆದರೆ ಈ ನಕ್ಷೆ ಯಾವುದನ್ನು ಕಾಡೆನ್ನುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು, ಶೇಕಡಾ 10ಕ್ಕಿಂತ ಹೆಚ್ಚು ಭಾಗ ಮರಗಳ ಮೇಲಾವರಣದಿಂದ ಮುಚ್ಚಿದ ಎಲ್ಲ ಜಮೀನೂ ಅದರ ಲೆಕ್ಕದಲ್ಲಿ ಅರಣ್ಯ ಹೊದಿಕೆಯೇ. ಒಡೆತನ ಯಾರದು, ಕಾನೂನಿನ ಸ್ಥಾನಮಾನವೇನು, ಮರ ಯಾವುದು ಎಂಬುದು ಮುಖ್ಯವಲ್ಲ. ಹೀಗಾಗಿ ಹೆಜಮಾಡಿಯ ಒತ್ತೊತ್ತಾದ ತೆಂಗಿನ ತೋಟ, ಕಾರ್ಕಳದ ರಬ್ಬರ್, ಕೊಡಗಿನ ಕಾಫಿ, ಮುರಕಲ್ಲಿನ ಗುಡ್ಡದ ಮೇಲೆ ನೆಟ್ಟ ಅಕೇಶಿಯಾ ಎಲ್ಲವೂ ಅದೇ ಹಸಿರಿನಲ್ಲಿ ಸೇರಿಹೋಗಬಹುದು. ಇದನ್ನು ಸಂಸ್ಥೆ ಮುಚ್ಚಿಟ್ಟಿಲ್ಲ, ತನ್ನ ವರದಿಗಳಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೆ ವರದಿಯ ಅಂಕಿ ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ವ್ಯಾಖ್ಯೆ ಉದುರಿಹೋಗಿ ಕಾಡು ಹೆಚ್ಚಿತು ಎಂಬ ಎರಡೇ ಪದ ಉಳಿಯುತ್ತವೆ.

ಎರಡನೆಯ ಪ್ರಶ್ನೆ ಗಾತ್ರದ್ದು. ಈ ನಕ್ಷೆಗೆ ಬಹುಕಾಲದಿಂದ ಬಳಸುತ್ತಿರುವ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲದ ಚೌಕಕ್ಕೆ ಸಮ. ನಮ್ಮ ಜಿಲ್ಲೆಯವರಿಗೆ ರೂಢಿಯಾದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಹದಿಮೂರೂವರೆ ಸೆಂಟ್ಸ್. ಒಂದು ಹೆಕ್ಟೇರೆಂದರೆ 247 ಸೆಂಟ್ಸ್, ಅಂದರೆ ಹದಿನೆಂಟು ಚುಕ್ಕಿಗಳು. ಅದಕ್ಕಿಂತ ಚಿಕ್ಕದಾದ ಹಸಿರನ್ನು ಅರಣ್ಯ ಹೊದಿಕೆಯ ನಕ್ಷೆ ಪ್ರತ್ಯೇಕವಾಗಿ ಗುರುತಿಸುವುದಿಲ್ಲ. ಅದನ್ನು ಮರಗಳ ಹೊದಿಕೆ ಎಂಬ ಬೇರೊಂದು ಶೀರ್ಷಿಕೆಯಡಿ ಮಾದರಿ ಸಮೀಕ್ಷೆಯಿಂದ ಅಂದಾಜಿಸಲಾಗುತ್ತದೆ. ಅಂದಾಜಿನಲ್ಲಿ ಒಟ್ಟು ಮೊತ್ತ ಸಿಗುತ್ತದೆ, ಇಂಥ ಊರಿನ ಇಂಥ ಬನ ಎಂಬ ವಿಳಾಸ ಸಿಗುವುದಿಲ್ಲ.

ತುಳುನಾಡಿನ ನಾಗಬನಗಳಲ್ಲಿ ಬಹುಪಾಲು ಒಂದು ಹೆಕ್ಟೇರಿನ ಹತ್ತಿರಕ್ಕೂ ಬಾರವು. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಜಾಗದಲ್ಲಿ ಹಳೆಯ ಮರಗಳೂ ಬಳ್ಳಿಗಳೂ ಹೆಣೆದುಕೊಂಡು, ಕತ್ತಿ ತಾಗದೆ ತಲೆಮಾರುಗಳಿಂದ ಉಳಿದುಬಂದ ತುಣುಕುಗಳು ಅವು. ಕರಾವಳಿಯ ಬಯಲಿನಲ್ಲಿ ಒಂದು ಕಾಲಕ್ಕೆ ಎಂತಹ ಕಾಡಿತ್ತೆಂದು ತಿಳಿಯಬೇಕಾದರೆ ನೋಡಬೇಕಾದುದು ಅವುಗಳನ್ನೇ. ತೆಂಗಿನ ತೋಟದ ನಡುವಿನ ಇಂತಹ ಬನವೊಂದನ್ನು ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಹಾಸುಗಲ್ಲು ಹಾಕಿದರೆಂದು ಇಟ್ಟುಕೊಳ್ಳೋಣ. ಜೀರ್ಣೋದ್ಧಾರದ ಹೆಸರಿನಲ್ಲಿ ಇದು ಅಪರೂಪವೇನೂ ಅಲ್ಲ. ಆಗ ನಕ್ಷೆಯಲ್ಲಿ ಏನಾಗುತ್ತದೆ? ಬಹುಮಟ್ಟಿಗೆ ಏನೂ ಆಗುವುದಿಲ್ಲ. ಸುತ್ತಲಿನ ತೋಟದ ಹಸಿರು ಹಾಗೆಯೇ ಇರುತ್ತದೆ. ಕಾಡು ಹೋಯಿತು, ಅರಣ್ಯ ಹೊದಿಕೆ ಉಳಿಯಿತು!

ಶಾಂಭವಿಯ ಅಂಚಿನ ಕಾಂಡ್ಲಾದ ಕಥೆ ಇದಕ್ಕೆ ತಿರುಗುಮುರುಗು. 1987ರ ಮೊದಲ ವರದಿಯಲ್ಲಿ ಕರ್ನಾಟಕದ ಕಾಂಡ್ಲಾ ಕಾಡಿನ ವಿಸ್ತೀರ್ಣ ಸೊನ್ನೆ. 2015ರ ವರದಿಯಲ್ಲಿ 3 ಚದರ ಕಿಲೋಮೀಟರ್, 2017ರಲ್ಲಿ 10, 2021ರಲ್ಲಿ 13. ಕುಂದಾಪುರದ ಪಂಚಗಂಗಾವಳಿಯಲ್ಲಾಗಲಿ ಕಾಳಿ, ಅಘನಾಶಿನಿಗಳ ಅಳಿವೆಯಲ್ಲಾಗಲಿ 1987ರಲ್ಲಿ ಕಾಂಡ್ಲಾ ಇರಲೇ ಇಲ್ಲವೆಂದು ಆ ಭಾಗದ ಯಾವ ಮೀನುಗಾರನೂ ಒಪ್ಪಲಾರ. ಗಿಡಗಳು ಇದ್ದವು, ನೋಡುವ ಕಣ್ಣು ಒರಟಾಗಿತ್ತು. ನದಿಯಂಚಿನಲ್ಲಿ ಹತ್ತು ಹದಿನೈದು ಮೀಟರ್ ಅಗಲಕ್ಕೆ ಹಬ್ಬಿದ ಪಟ್ಟಿ ಒಂದು ಚುಕ್ಕಿಯನ್ನೂ ತುಂಬುವುದಿಲ್ಲ. ಸಾಲದ್ದಕ್ಕೆ ಚಿತ್ರ ತೆಗೆದ ಗಳಿಗೆಯಲ್ಲಿ ಭರತವಿತ್ತೋ ಇಳಿತವಿತ್ತೋ ಎಂಬುದರ ಮೇಲೂ ಅದರ ಬಣ್ಣ ಬದಲಾಗುತ್ತದೆ. ಎರಡು ವರದಿಗಳ ನಡುವೆ 3 ಇದ್ದುದು 10 ಆದಾಗ ಅದರಲ್ಲಿ ಅರಣ್ಯ ಇಲಾಖೆ ನೆಟ್ಟು ಬೆಳೆಸಿದ್ದೆಷ್ಟು, ತಾನಾಗಿ ಹಬ್ಬಿದ್ದೆಷ್ಟು, ಮೊದಲೇ ಇದ್ದು ಈಗ ಕಣ್ಣಿಗೆ ಬಿದ್ದದ್ದೆಷ್ಟು? ಈ ಮೂರನ್ನು ಬಿಡಿಸಿ ಹೇಳಬಲ್ಲದ್ದು ಕೆಸರಿಗೆ ಕಾಲಿಟ್ಟು ಮಾಡಿದ ಸಮೀಕ್ಷೆ ಮಾತ್ರ.

ಇದು ಕಾಂಡ್ಲಾಕ್ಕೆ ಸೀಮಿತವಾದ ಸಮಸ್ಯೆಯಲ್ಲ. 1999ರ ವರದಿಯಲ್ಲಿ ದೇಶದ ಅರಣ್ಯ ಹೊದಿಕೆ 6,37,293 ಚದರ ಕಿಲೋಮೀಟರ್ ಇದ್ದದ್ದು 2001ರಲ್ಲಿ 6,75,538 ಆಯಿತು. ಎರಡೇ ವರ್ಷದಲ್ಲಿ ಕೇರಳದ ವಿಸ್ತೀರ್ಣಕ್ಕೆ ಸರಿಗಟ್ಟುವ ಕಾಡು ಹುಟ್ಟಿತೆಂದು ಯಾರೂ ನಂಬಬೇಕಿಲ್ಲ. ಅದಕ್ಕೆ ಮುನ್ನ 25 ಹೆಕ್ಟೇರಿಗಿಂತ ಚಿಕ್ಕ ತುಂಡುಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ವರ್ಷದಿಂದ ಒಂದು ಹೆಕ್ಟೇರಿನವೂ ಬಂದವು. ಮುಖ್ಯವಾಗಿ ಬದಲಾದದ್ದು ಅಳತೆಗೋಲು.

ಹಾಗಾದರೆ ನಕ್ಷೆಯ ನಿಖರತೆಯನ್ನು ಪರೀಕ್ಷಿಸುವುದೇ ಇಲ್ಲವೇ? ಪರೀಕ್ಷಿಸುತ್ತಾರೆ. 2021ರ ವರದಿಯ ಪ್ರಕಾರ ನಕ್ಷೆಯ ಒಟ್ಟಾರೆ ನಿಖರತೆ ಶೇಕಡಾ 92.99. ಕಾಡು, ಕಾಡಲ್ಲದ್ದು ಎಂಬ ಎರಡೇ ವಿಭಾಗ ಮಾಡಿದರೆ ಶೇಕಡಾ 95.79. ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಮಟ್ಟ ಶೇಕಡಾ 85 ಎಂದೂ ಸರ್ಕಾರ ತಿಳಿಸಿತ್ತು. ಕೇಳಲು ಹಿತವಾದ ಅಂಕಿಗಳು. ಆದರೆ ಒಟ್ಟಾರೆ ನಿಖರತೆ ಎಂಬ ಮಾತಿನಲ್ಲಿ ಒಂದು ಮೋಸವಿದೆ. ಮೋಸ ಯಾರೋ ಮಾಡಿದ್ದಲ್ಲ, ಲೆಕ್ಕದ ಸ್ವಭಾವವೇ ಅದು. ದೇಶದ ನೆಲದಲ್ಲಿ ಹೆಚ್ಚುಕಡಿಮೆ ಶೇಕಡಾ 22ರಷ್ಟು ಅರಣ್ಯ ಹೊದಿಕೆಯಿದೆ. ಯಾರಾದರೂ ಕುಳಿತಲ್ಲೇ ಕುಳಿತು ಒಂದೇ ಒಂದು ಹಸಿರು ಚುಕ್ಕಿಯೂ ಇಲ್ಲದ ಖಾಲಿ ನಕ್ಷೆ ಬರೆದರೆ, ಅದೂ ಶೇಕಡಾ 78ರಷ್ಟು ನಿಖರವೆನಿಸುತ್ತದೆ! ಒಂದು ಜಿಲ್ಲೆಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕಾಂಡ್ಲಾ ಇದ್ದರೆ, ಅದನ್ನು ಪೂರ್ತಿ ಅಳಿಸಿಹಾಕಿದ ನಕ್ಷೆಯೂ ಶೇಕಡಾ 99 ಅಂಕ ಗಳಿಸಬಲ್ಲದು. ಅಪರೂಪದ್ದು, ಚಿಕ್ಕದ್ದು, ಅಂಚಿನಲ್ಲಿರುವುದು ಯಾವುದೋ ಅದೇ ಸರಾಸರಿಯಲ್ಲಿ ಕಾಣೆಯಾಗುತ್ತದೆ. ದುರದೃಷ್ಟವಶಾತ್ ಸಂರಕ್ಷಣೆಗೆ ಅತಿ ಮುಖ್ಯವಾದುದೂ ಅದೇ.

ಇನ್ನೊಂದು ಹೋಲಿಕೆ ನೋಡಿ. 2019 ಮತ್ತು 2021ರ ವರದಿಗಳ ನಡುವೆ ದೇಶದ ಅರಣ್ಯ ಹೊದಿಕೆ 1,540 ಚದರ ಕಿಲೋಮೀಟರ್ ಹೆಚ್ಚಿತು, ಕರ್ನಾಟಕದಲ್ಲಿ 155 ಹೆಚ್ಚಿತು ಎಂದು ಘೋಷಿಸಲಾಯಿತು. ದೇಶದ ಮಟ್ಟಿಗೆ ಇದು ಒಟ್ಟು ಹೊದಿಕೆಯ ಶೇಕಡಾ 0.22. ನಕ್ಷೆಯ ತಪ್ಪಿನ ಪ್ರಮಾಣವೇ ಶೇಕಡಾ ನಾಲ್ಕರ ಆಸುಪಾಸಿನಲ್ಲಿದೆ. ಎರಡೂ ಬಗೆಯ ತಪ್ಪುಗಳು ಪರಸ್ಪರ ಸರಿದೂಗಿ ಒಟ್ಟು ಮೊತ್ತ ಸರಿಯಾಗಿರುವ ಸಾಧ್ಯತೆ ಇದೆ, ಒಪ್ಪೋಣ. ಆದರೆ ಸರಿದೂಗಿದೆಯೆಂದು ತೋರಿಸುವ ಹೊಣೆ ಘೋಷಿಸುವವರ ಮೇಲಿದೆ.

ಇದೇ ಗೊಂದಲ ಜಾಗತಿಕ ಮಟ್ಟದಲ್ಲೂ ಇದೆ. ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಅಂತಾರಾಷ್ಟ್ರೀಯ ಜಾಲದ ಅಂಕಿಗಳ ಪ್ರಕಾರ 2000ದ ನಂತರ ಭಾರತ 23 ಲಕ್ಷ ಹೆಕ್ಟೇರಿಗೂ ಹೆಚ್ಚು ಮರಗಳ ಹೊದಿಕೆಯನ್ನು ಕಳೆದುಕೊಂಡಿದೆ ಎಂಬ ಸುದ್ದಿಯನ್ನು ಆಧರಿಸಿ 2024ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ನಮ್ಮ ಸಂಸ್ಥೆಯ ವರದಿ ಹೆಚ್ಚಳವನ್ನು ತೋರಿಸುತ್ತದೆ, ಅವರ ಅಂಕಿ ನಷ್ಟವನ್ನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವ್ಯಾಖ್ಯೆ ಬೇರೆ, ಅಳೆಯುವ ರೀತಿ ಬೇರೆ. ಹಳೆಯ ರಬ್ಬರ್ ಮರಗಳನ್ನು ಕಡಿದು ಹೊಸದನ್ನು ನೆಟ್ಟರೂ ಅಲ್ಲಿ ನಷ್ಟವೆಂದೇ ದಾಖಲಾಗುತ್ತದೆ. ಯಾವ ಚುಕ್ಕಿಯಲ್ಲಿ ಸಹಜ ಕಾಡು ಹೋಯಿತು, ಯಾವುದರಲ್ಲಿ ತೋಟ ಬದಲಾಯಿತು ಎಂದು ಹೇಳಲು ಮತ್ತೆ ಮನುಷ್ಯನೇ ಅಲ್ಲಿಗೆ ಹೋಗಬೇಕು.

ನೆಲಕ್ಕೆ ಹೋಗಿ ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉತ್ತಮ ನಿದರ್ಶನವಿದೆ. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕಾಗದದ ಕಾರ್ಖಾನೆಗೆ ಸಾಗುತ್ತಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಕಾಡಿಗಿಳಿದು ಬಿದಿರನ್ನು ಎಣಿಸಿದರು. ಕಡತದಲ್ಲಿದ್ದ ದಾಸ್ತಾನು ವಾಸ್ತವಕ್ಕಿಂತ ಬಹುಪಟ್ಟು ಹೆಚ್ಚಾಗಿತ್ತೆಂಬುದು ಹೊರಬಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ತಿಳಿಯಿತು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂಬುದು ಇಲಾಖೆಯ ನಂಬಿಕೆಯಾಗಿತ್ತು. ಮುಳ್ಳೇ ಎಳೆಯ ಕಳಲೆಗೆ ಬೇಲಿ, ಅದನ್ನು ತೆಗೆದರೆ ಪ್ರಾಣಿಗಳು ಕಳಲೆಯನ್ನು ತಿಂದುಹಾಕುತ್ತವೆ ಎಂಬುದು ಹಳ್ಳಿಗರ ತಿಳಿವಳಿಕೆ. ಕ್ಷೇತ್ರಾಧ್ಯಯನ ಹಳ್ಳಿಗರ ಮಾತನ್ನು ಎತ್ತಿಹಿಡಿಯಿತು. ಮೇಲಿನಿಂದ ತೆಗೆದ ಯಾವ ಚಿತ್ರವೂ ಇದನ್ನು ಹೇಳಲಾರದು. ಕ್ಷೇತ್ರ ಸಮೀಕ್ಷೆಯೆಂದರೆ ನಕ್ಷೆಯ ತಪ್ಪು ತಿದ್ದುವ ಕೆಲಸ ಮಾತ್ರವಲ್ಲ, ನಕ್ಷೆ ಕೇಳದ ಪ್ರಶ್ನೆಗಳನ್ನು ಕೇಳುವ ಕೆಲಸವೂ ಹೌದು ಎಂಬುದನ್ನು ಈ ಪ್ರಸಂಗ ಮನವರಿಕೆ ಮಾಡಿಕೊಡುತ್ತದೆ.

ಹೀಗಿದ್ದರೂ ಇಂದು ಕ್ಷೇತ್ರ ಪರಿಶೀಲನೆ ಎಂಬ ಪದವೇ ಒಂದು ಪಕ್ಷದ ಆಯುಧವಾಗುತ್ತಿದೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ಉಪಗ್ರಹ ಮಾಹಿತಿಯ ನೆರವಿನಿಂದ ಸಹಜ ಭೂದೃಶ್ಯವನ್ನು ಗುರುತಿಸಿ, ಅಂತಹ ಭೂಮಿ ಶೇಕಡಾ 20ಕ್ಕಿಂತ ಹೆಚ್ಚಿರುವ ಗ್ರಾಮಗಳನ್ನು ಪರಿಸರ ಸೂಕ್ಷ್ಮವೆಂದು ಪಟ್ಟಿ ಮಾಡಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಉಡುಪಿ ಜಿಲ್ಲೆಯ ಘಟ್ಟದ ತಪ್ಪಲಿನ ಗ್ರಾಮಗಳೂ ಅದರಲ್ಲಿದ್ದವು. ಅಡಿಕೆ, ರಬ್ಬರ್ ತೋಟಗಳನ್ನೂ ಕಾಡೆಂದು ಎಣಿಸಲಾಗಿದೆ, ಸ್ಥಳ ಪರಿಶೀಲನೆ ಆಗಬೇಕು ಎಂಬ ಕೂಗೆದ್ದಿತು. ಈ ಬೇಡಿಕೆಯಲ್ಲಿ ನ್ಯಾಯವಿತ್ತು. ಕೇರಳ ಅಂತಹ ಪರಿಶೀಲನೆ ಮಾಡಿ ತನ್ನ ಪಾಲನ್ನು 13,108ರಿಂದ 9,993.7 ಚದರ ಕಿಲೋಮೀಟರಿಗೆ ಇಳಿಸಿಕೊಂಡಿತು. ಕರ್ನಾಟಕದ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನೇ ತಿರಸ್ಕರಿಸಿತು.

ಡೀಮ್ಡ್ ಅರಣ್ಯದ ಪ್ರಕರಣ ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ್ದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ನಿಘಂಟಿನ ಅರ್ಥದಲ್ಲಿ ಕಾಡೆನಿಸುವ ಎಲ್ಲ ಭೂಮಿಯನ್ನೂ ಗುರುತಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕ ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರ್. ಅದರಲ್ಲಿ ದಶಕಗಳಿಂದ ಜನ ಮನೆ ಕಟ್ಟಿಕೊಂಡು ಬಾಳುತ್ತಿದ್ದ ಜಾಗಗಳೂ ಸೇರಿದ್ದವು. ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಬಡವರು ಡೀಮ್ಡ್ ಅರಣ್ಯ ಎಂಬ ಷರಾ ನೋಡಿ ವರ್ಷಗಟ್ಟಲೆ ಕಚೇರಿ ಅಲೆದರು. ಮರುಪರಿಶೀಲನೆಯ ಬಳಿಕ 2022ರಲ್ಲಿ ಸರ್ಕಾರ ಅಂತಿಮವಾಗಿ ಘೋಷಿಸಿದ್ದು ಸುಮಾರು 3.3 ಲಕ್ಷ ಹೆಕ್ಟೇರ್. ಮೂರನೆಯ ಎರಡು ಪಾಲು ಕೈಬಿಟ್ಟಿತು. ಹಾಗೆ ಬಿಟ್ಟ ಆರೂವರೆ ಲಕ್ಷ ಹೆಕ್ಟೇರ್ ನಿಜವಾಗಿಯೂ ಕಾಡಲ್ಲವೇ, ಅಥವಾ ಬೇಡಿಕೆಯಿದ್ದುದರಿಂದ ಕಾಡಲ್ಲವೆನಿಸಿತೇ? ಪ್ರತಿ ತುಂಡಿನ ಪರಿಶೀಲನೆಯ ವಿವರ, ಅಲ್ಲಿ ಕಂಡ ಮರಗಳ ಎಣಿಕೆ, ತೆಗೆದ ಛಾಯಾಚಿತ್ರ ಜನರ ಮುಂದಿದ್ದರೆ ಈ ಅನುಮಾನಕ್ಕೆ ಎಡೆಯಿರುತ್ತಿರಲಿಲ್ಲ. 2023ರ ಕಾಯ್ದೆ ತಿದ್ದುಪಡಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶ ನೀಡಿ, ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಪಾಲಿಸಬೇಕೆಂದು ಹೇಳಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಜೀವಂತವಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಎರಡೂ ಪ್ರಕರಣಗಳಲ್ಲಿ ಪರಿಶೀಲನೆ ನಡೆದದ್ದು, ಅಥವಾ ನಡೆಯಲೆಂದು ಒತ್ತಾಯ ಬಂದದ್ದು, ಒಂದೇ ದಿಕ್ಕಿನಲ್ಲಿ. ನಕ್ಷೆ ಕಾಡೆಂದು ತೋರಿಸಿದ ಜಾಗ ಕಾಡಲ್ಲ ಎಂದು ಸಾಬೀತು ಮಾಡಲು ಜನರಿದ್ದಾರೆ, ಸಂಘಗಳಿವೆ, ಶಾಸಕರಿದ್ದಾರೆ. ನಕ್ಷೆ ಕಾಡಲ್ಲವೆಂದು ಬಿಟ್ಟ ಜಾಗದಲ್ಲಿ ಕಾಡಿದೆ ಎಂದು ಅರ್ಜಿ ಹಾಕುವವರು ಯಾರು? ನಾಗಬನಕ್ಕೆ ಮತವಿಲ್ಲ, ಕಾಂಡ್ಲಾಕ್ಕೆ ವಕೀಲರಿಲ್ಲ. ತಕ್ಕಡಿಯ ಒಂದೇ ತಟ್ಟೆಯನ್ನು ಪದೇ ಪದೇ ತೂಗಿ ನೋಡಿದರೆ ತೂಕ ಕಡಿಮೆಯಾಗುತ್ತಲೇ ಹೋಗುತ್ತದೆ. ಸಂಖ್ಯಾಶಾಸ್ತ್ರ ಬಲ್ಲವರು ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ: ಇಲ್ಲದ್ದನ್ನು ಇದೆಯೆಂದದ್ದು, ಇದ್ದುದನ್ನು ಬಿಟ್ಟದ್ದು. ಆಡಳಿತವೂ ಹಾಗೆಯೇ ಮಾಡಬೇಕು.

ಇದಕ್ಕೆ ಕೋಟಿಗಟ್ಟಲೆ ಹಣವೇನೂ ಬೇಕಿಲ್ಲ. ಮೊದಲನೆಯದಾಗಿ, ಪರೀಕ್ಷಿಸುವ ಬಿಂದುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಬೇಕು. ರಸ್ತೆಯ ಬದಿಗೆ ಸಿಕ್ಕಿದ್ದನ್ನಾಗಲಿ, ತಕರಾರು ಬಂದದ್ದನ್ನಾಗಲಿ ಮಾತ್ರ ನೋಡಿದರೆ ಅದು ಸಮೀಕ್ಷೆಯಲ್ಲ. ಹಸಿರು ತೋರಿಸಿದ ಕಡೆಯೂ ತೋರಿಸದ ಕಡೆಯೂ ಬಿಂದುಗಳಿರಬೇಕು. ಕಾಂಡ್ಲಾದಂತಹ ಚಿಕ್ಕ ವರ್ಗಗಳಿಗೆ ಪ್ರತ್ಯೇಕ ಪಾಲು ಇರಬೇಕು. ಎರಡನೆಯದಾಗಿ, ಜಿಲ್ಲೆಯ ಅರಣ್ಯ ಹೊದಿಕೆಯ ಅಂಕಿ ಪ್ರಕಟಿಸುವಾಗ ಆ ಜಿಲ್ಲೆಯಲ್ಲಿ ಕಂಡ ತಪ್ಪಿನ ಪ್ರಮಾಣವನ್ನೂ ಅದರ ಪಕ್ಕದಲ್ಲೇ ಪ್ರಕಟಿಸಬೇಕು. ಮೂರನೆಯದಾಗಿ, ತೋಟ, ನೆಡುತೋಪು, ಸಹಜ ಕಾಡು ಇವುಗಳನ್ನು ಸ್ಥಳದಲ್ಲೇ ಬೇರ್ಪಡಿಸಿ ದಾಖಲಿಸಬೇಕು. ಕೊನೆಯದಾಗಿ, ಈ ದಾಖಲೆ ಯಾರು ಬೇಕಾದರೂ ಹೋಗಿ ಮರುಪರೀಕ್ಷಿಸುವಂತೆ ತೆರೆದಿರಬೇಕು.

ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೂ ಉತ್ತರವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಹಲವೆಡೆ ಇದು ಕಾಗದದ ಶಾಸ್ತ್ರವಾಗಿ ಮುಗಿದಿದೆ. ಹೆಜಮಾಡಿಯಂತಹ ಪಂಚಾಯಿತಿಯ ಸಮಿತಿ ಅರಣ್ಯ ಇಲಾಖೆಯ ಒಬ್ಬ ಸಿಬ್ಬಂದಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ನದಿಯ ಭರತ-ಇಳಿತ ಬಲ್ಲ ಒಬ್ಬ ಮೀನುಗಾರ ಇಷ್ಟು ಜನರನ್ನು ಸೇರಿಸಿಕೊಂಡರೆ, ಗ್ರಾಮದ ಎಲ್ಲ ಬನಗಳನ್ನೂ ನದಿಯಂಚಿನ ಎಲ್ಲ ಕಾಂಡ್ಲಾ ಪಟ್ಟಿಗಳನ್ನೂ ಒಂದು ಬೇಸಗೆ ರಜೆಯಲ್ಲಿ ದಾಖಲಿಸಬಹುದು. ಸ್ಥಾನ ಗುರುತಿಸಲು ಜೇಬಿನ ಮೊಬೈಲ್ ಸಾಕು. ಕುಟುಂಬದ ಬನ ನಕ್ಷೆಗೆ ಸೇರಿದರೆ ಸರ್ಕಾರ ಕಿತ್ತುಕೊಳ್ಳುತ್ತದೆಯೇ ಎಂಬ ಅಳುಕು ಸಹಜ. ಗುರುತಿಸುವಿಕೆ ಒಡೆತನವನ್ನು ಬದಲಿಸುವುದಿಲ್ಲವೆಂಬ ಲಿಖಿತ ಭರವಸೆಯನ್ನು ಮೊದಲೇ ಕೊಡಬೇಕು. ಡೀಮ್ಡ್ ಅರಣ್ಯದ ಅನುಭವವಾದ ಮೇಲೆ ಬಾಯಿಮಾತನ್ನು ಜನ ನಂಬಲಾರರು.

ಹೆಜಮಾಡಿಯ ಸುತ್ತಮುತ್ತ ಕಳೆದ ಎರಡು ದಶಕಗಳಲ್ಲಿ ಹೆದ್ದಾರಿ ಅಗಲವಾಗಿದೆ, ಯೆಲ್ಲೂರಿನಲ್ಲಿ ಉಷ್ಣವಿದ್ಯುತ್ ಸ್ಥಾವರ ಬಂದಿದೆ, ನದಿಯ ಬಳಿ ಮೀನುಗಾರಿಕಾ ಬಂದರಿಗೆ ಕೈಹಾಕಲಾಗಿದೆ. ಇವೆಲ್ಲ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಮೊದಲು ಅಲ್ಲಿ ಏನಿತ್ತು, ಈಗ ಏನಿದೆ ಎಂಬ ನಂಬಲರ್ಹ ಲೆಕ್ಕ ಬೇಕು. ಆ ಲೆಕ್ಕವಿಲ್ಲದ ಕಡೆ ವಾದ ಗೆಲ್ಲುವುದು ಗಟ್ಟಿ ದನಿ. ಉಪಗ್ರಹವನ್ನು ನಾವು ದೂರಬೇಕಾಗಿಲ್ಲ. ಅದು ಕಂಡದ್ದನ್ನು ಹೇಳುತ್ತಿದೆ. ಮುಂದಿನ ವರದಿಯಲ್ಲಿ ಉಡುಪಿ ಜಿಲ್ಲೆಯ ಹಸಿರು ಹೆಚ್ಚಿತೆಂದೋ ಕುಗ್ಗಿತೆಂದೋ ಓದಿದಾಗ, ಎಷ್ಟು ಜಾಗಗಳಿಗೆ ಹೋಗಿ ನೋಡಿದಿರಿ, ಅವುಗಳ ಪಟ್ಟಿ ಎಲ್ಲಿದೆ ಎಂದು ಕೇಳುವಷ್ಟು ಎಚ್ಚರ ನಮ್ಮಲ್ಲಿರಲಿ.